ಕೆಂಪು ದೀಪ ಆರಿದ ಮೇಲೆ...

ನಮ್ಮ ಸಿನಿಮಾಗಳಲ್ಲಿ ಆಪರೇಷನ್ ಥಿಯೇಟರಿನ ಕೆಂಪು ದೀಪ ಆರಿತು, ಡಾಕ್ಟರು ನಕ್ಕರು ಅಂದ್ರೆ ಮುಗೀತು, ಶುಭಂ! ರುಮ್ಯಾಟಿಕ್ ಜ್ವರದಿಂದ ಕೆಟ್ಟಿದ್ದ ಹೃದಯದ ಕವಾಟ ಬದಲಾಯಿಸಿಕೊಂಡು ನನ್ನ ಮಗಳು ಮನೆಗೆ ಬಂದಾಗಲೇ ಅಸಲಿ ಕಥೆ ಶುರುವಾದದ್ದು, ನೋಡಿ.

ಕೂಡಿಸಿದ ಎದೆಮೂಳೆ ಬಲಿಯಲು 6-8 ವಾರ ಬೇಕು. ಕಂಕುಳಿಗೆ ಕೈಹಾಕಿ ಎತ್ತುವಂತಿಲ್ಲ. ಕೆಮ್ಮು ಬಂದರೆ ಎದೆಗೆ ದಿಂಬು ಅವುಚಿಕೊಳ್ಳಬೇಕು. ಕವಾಟ ಲೋಹದ್ದು, ರಕ್ತ ಹೆಪ್ಪುಗಟ್ಟದಂತೆ ಬದುಕಿರೋವರೆಗೂ ದಿನಾ ವಾರ್ಫರಿನ್ ಮಾತ್ರೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಬೇರೆ! ಸೊಪ್ಪಿನ ಸಾರು ಕೂಡ ಒಂದಿನ ಜಾಸ್ತಿ, ಒಂದಿನ ಕಮ್ಮಿ ಆದ್ರೆ ಮಾತ್ರೆಯ ಲೆಕ್ಕ ತಪ್ಪುತ್ತೆ. ಅವಳಜ್ಜಿಗೆ ಇದನ್ನು ಒಪ್ಪಿಸೋದು ಆಪರೇಷನ್ನಿಗಿಂತ ಕಷ್ಟವಾಯ್ತು!

ಮೊದಲ ರಾತ್ರಿ ಅವಳ ಎದೆಯಿಂದ ಟಿಕ್ ಟಿಕ್ ಸದ್ದು. "ಅಪ್ಪಾ, ನಾನು ಗಡಿಯಾರ ನುಂಗಿದೀನಾ?" ಅಂದಳು. ಅವಳು ನಿದ್ದೆ ಹೋದಳು. ನಾನೂ ಅವಳಮ್ಮನೂ ಬೆಳಗಿನವರೆಗೂ ಆ ಸದ್ದು ಕೇಳ್ತಾ ಕೂತಿದ್ದೆವು.