ಲೋರಿ ಹಾರ್ಟನ್ ಹಾಕಿದ ರುಜು

ಮಗಳ ಬಾಣಂತನಕ್ಕೆಂದು ಕೆನಡಾಕ್ಕೆ ಹೋಗಿ ಬಂದ ತಾಯಂದಿರನ್ನು ಕೇಳಿ ನೋಡಿ, ‘ಟಿಮ್ ಹಾರ್ಟನ್ಸ್’ ಹೆಸರು ಅವರಿಗೆ ಗೊತ್ತಿರುತ್ತದೆ. ಅಲ್ಲಿ ‘ಡಬಲ್ ಡಬಲ್’ ಅಂದರೆ ಸಾಕು, ಎರಡು ಪಾಲು ಕೆನೆ, ಎರಡು ಪಾಲು ಸಕ್ಕರೆ ಹಾಕಿದ ಕಾಫಿ ಕೈಗೆ ಬರುತ್ತೆ. ನಮ್ಮ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ತುಸು ತೆಳುವೇ ಅನ್ನಿ! 2022ರಲ್ಲಿ ಈ ಅಂಗಡಿ ದೆಹಲಿಗೂ ಬಂತು. ಆ ಹೆಸರಿನ ಹಿಂದೆ ಒಬ್ಬ ಹೆಣ್ಣುಮಗಳ ಕಥೆಯಿದೆ.

ಟಿಮ್ ಹಾರ್ಟನ್ ಹೆಸರಾಂತ ಐಸ್ ಹಾಕಿ ಆಟಗಾರರು. ಆಗ ಆಟಗಾರರಿಗೆ ಇಂದಿನಂತೆ ರಾಶಿ ಹಣ ಸಿಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಲೋರಿ, ನಾಲ್ವರು ಹೆಣ್ಣುಮಕ್ಕಳು. 1964ರಲ್ಲಿ ಅವರು ಹ್ಯಾಮಿಲ್ಟನ್ ನಗರದಲ್ಲಿ ಕಾಫಿ ಮತ್ತು ಡೋನಟ್ ಅಂಗಡಿ ತೆರೆದರು. ಡೋನಟ್ ಅಂದರೆ ಹುದುಗಿದ ಮೈದಾಹಿಟ್ಟನ್ನು ಕರಿದು ಮಾಡುವ ಸಿಹಿತಿಂಡಿ. ನೋಡಲು ನಮ್ಮ ಉದ್ದಿನವಡೆಯ ತಂಗಿ! ಮರುವರ್ಷ ಆ ಅಂಗಡಿ ವಹಿಸಿಕೊಂಡವರು ರಾನ್ ಜಾಯ್ಸ್, ಹಿಂದೆ ಪೊಲೀಸರಾಗಿದ್ದವರು. 1967ರ ಹೊತ್ತಿಗೆ ಇಬ್ಬರೂ ಸಮಪಾಲುದಾರರು.

ಅಂಗಡಿಗಳು ಹೆಚ್ಚಿದ್ದು ಫ್ರಾಂಚೈಸಿ ಪದ್ಧತಿಯಿಂದ. ಹೆಸರು, ಹದ, ಕಟ್ಟಳೆ ಎಲ್ಲ ಕಂಪನಿಯದು. ಬಂಡವಾಳ ಹಾಕಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವರು ಬೇರೆಯವರು. ಮಾರಾಟದಲ್ಲಿ ಇಂತಿಷ್ಟು ಅಂತ ಅವರು ಕಂಪನಿಗೆ ಕಟ್ಟಬೇಕು.

1974ರ ಫೆಬ್ರವರಿ 21ರಂದು ಕಾರು ಅಪಘಾತದಲ್ಲಿ ಹಾರ್ಟನ್ ತೀರಿಕೊಂಡರು. ಆಗ ಇದ್ದದ್ದು ಸುಮಾರು 40 ಅಂಗಡಿ. ಅರ್ಧ ಪಾಲು ಲೋರಿಗೆ ಬಂತು. 1975ರಲ್ಲಿ ಆಕೆ ಅದನ್ನು ಹತ್ತು ಲಕ್ಷ ಡಾಲರಿಗೂ ಒಂದು ಕ್ಯಾಡಿಲ್ಯಾಕ್ ಕಾರಿಗೂ ಜಾಯ್ಸ್ ಅವರಿಗೆ ಬರೆದುಕೊಟ್ಟರು.

ಹನ್ನೆರಡು ವರ್ಷ ಕಳೆದ ಮೇಲೆ ಲೋರಿ ದಾವೆ ಹೂಡಿದರು. ರುಜು ಹಾಕುವಾಗ ತಾನು ಮಾತ್ರೆಗಳ ವಶದಲ್ಲಿದ್ದೆ, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬುದು ಆಕೆಯ ವಾದ. ನ್ಯಾಯಾಲಯ ಒಪ್ಪಲಿಲ್ಲ. 1993ರಲ್ಲಿ ದಾವೆ ವಜಾ ಆಯಿತು, 1995ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಸಾವಿರನೆಯ ಅಂಗಡಿ ತೆರೆದದ್ದೂ ಅದೇ ವರ್ಷ. ಸುಮಾರು 40 ಕೋಟಿ ಅಮೆರಿಕನ್ ಡಾಲರಿಗೆ ಕಂಪನಿ ‘ವೆಂಡೀಸ್’ ಸಂಸ್ಥೆಯೊಡನೆ ಸೇರಿದ್ದೂ ಅದೇ ವರ್ಷ.

ಜಾಯ್ಸ್ ಅವರನ್ನು ದೂರಲು ನನಗೆ ಮನಸ್ಸಿಲ್ಲ. 40 ಅಂಗಡಿಯನ್ನು ಸಾವಿರ ಮಾಡಿದ್ದು ಅವರ ದುಡಿಮೆ. 1975ರಲ್ಲಿ ಹತ್ತು ಲಕ್ಷವೂ ಚಿಲ್ಲರೆ ಹಣವಲ್ಲ. ಆದರೂ ಗಂಡ ಹೋದ ಮರುವರ್ಷವೇ ಅಂಥ ಕಾಗದ ಮುಂದಿಟ್ಟರೆ ನಮ್ಮಲ್ಲಿ ಎಷ್ಟು ಜನ ‘ಸ್ವಲ್ಪ ತಾಳಿ’ ಅಂದೇವು?

ಲೋರಿ 2000ದಲ್ಲಿ ತೀರಿಕೊಂಡರು. ಹಿರಿಯ ಮಗಳು ಮದುವೆಯಾದದ್ದು ಜಾಯ್ಸ್ ಅವರ ಮಗನನ್ನೇ! ದಂಪತಿ ಕೋಬರ್ಗ್ ಊರಿನಲ್ಲಿ ಟಿಮ್ ಹಾರ್ಟನ್ಸ್ ಅಂಗಡಿ ನಡೆಸಿದರು. ಬಾಗಿಲ ಮೇಲೆ ಅಪ್ಪನ ಹೆಸರು. ಒಳಗೆ ಮಗಳು ಫ್ರಾಂಚೈಸಿದಾರಳು.