ಕಡಲತಡಿಯ ಸೊಪ್ಪು, ಸವಣೂರಿನ ಸಾಸಿವೆ

ಪುತ್ತೂರಿನಿಂದ ಕಾಣಿಯೂರಿನತ್ತ ಸಾಗುವ ಹಾದಿಯ ಸವಣೂರಿನಲ್ಲಿ ಬೀಟ್ರೂಟು ಇಂದಿಗೂ ಘಟ್ಟದ ತರಕಾರಿಯೇ. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಚಳಿಯೆಂಬುದು ಹೆಸರಿಗಷ್ಟೇ ಇರುವ ಈ ಅಡಕೆಯ ಸೀಮೆ ಅದಕ್ಕೆ ಒಗ್ಗುವಂಥದಲ್ಲವಾದುದರಿಂದ, ಘಟ್ಟವಿಳಿದು ಬರುವ ಲಾರಿಗಳನ್ನೇ ಅದು ನಂಬಿಕೊಂಡಿದೆ.

ಆದರೆ ಇದರ ಮೂಲಸ್ಥಾನ ಗಿರಿಯಲ್ಲ, ಕಡಲತೀರ. ಮೆಡಿಟರೇನಿಯನ್ ಮತ್ತು ಅಟ್ಲಾಂಟಿಕ್ ತೀರಗಳಲ್ಲಿ ಉಪ್ಪುಗಾಳಿಯನ್ನು ಸಹಿಸಿ ಬೆಳೆಯುವ ಕಾಡು ಬೀಟನ್ನು ಪ್ರಾಚೀನರು ಬಯಸಿದುದು ಮುಖ್ಯವಾಗಿ ಸೊಪ್ಪಿಗಾಗಿ. ಕೆಂಪು ಗೆಡ್ಡೆ ಯುರೋಪಿನ ಅಡುಗೆಯಲ್ಲಿ ಪ್ರಚುರವಾದುದು 16ನೆಯ ಶತಮಾನದಿಂದೀಚೆಗೆ. 1747ರಲ್ಲಿ ಬರ್ಲಿನ್ನಿನ ರಸಾಯನಜ್ಞ ಮಾರ್ಗ್ರಾಫ್ ಬೀಟಿನ ಸಕ್ಕರೆಯೂ ಕಬ್ಬಿನ ಸಕ್ಕರೆಯೂ ಒಂದೇ ಎಂದು ತೋರಿಸಿಕೊಟ್ಟ ಮೇಲೆ ಅದರ ಬಿಳಿಯ ತಳಿ ಕಾರ್ಖಾನೆಯ ದಾರಿ ಹಿಡಿಯಿತು. ಕೆಂಪು ತಳಿ ಅಡುಗೆಮನೆಯಲ್ಲಿಯೇ ಉಳಿದು ಆಂಗ್ಲರೊಡನೆ ನಮ್ಮಲ್ಲಿಗೆ ಬಂದಿತು. 1809ರಲ್ಲಿ ನೆಲೆಗೊಂಡ ಬೆಂಗಳೂರಿನ ದಂಡಿನ ದೊರೆಗಳಿಗೆ ಬೇಕಾದ ತರಕಾರಿಗಳು ಸುತ್ತಣ ತೋಟಗಳಲ್ಲಿ ಬೇರೂರಿ, ಬಯಲುಸೀಮೆಯ ರೈತರ ಬೆಳೆಯಾಗಿ, ಕಾಲಾಂತರದಲ್ಲಿ ಕರಾವಳಿಯ ಸಂತೆಗಳನ್ನೂ ಸೇರಿದವು.

ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಬಳೆಗಳು ಬಹು ಸುಂದರ. ಗೆಡ್ಡೆಯಲ್ಲಿ ಮೊದಲನೆಯ ವರ್ಷ ಸಂಚಯಿಸಿದ ಸಿಹಿಯನ್ನು ವ್ಯಯಮಾಡಿ, ದೀರ್ಘವಾದ ಚಳಿಯನ್ನನುಭವಿಸಿದ ತರುವಾಯವೇ ಸಸ್ಯವು ಎರಡನೆಯ ವರ್ಷ ಹೂಬಿಡತಕ್ಕುದು. ಅದು ಬೀಜಕಟ್ಟುವ ಮುನ್ನವೇ ನಾವು ಅದರ ಬುತ್ತಿಯನ್ನು ಉಣ್ಣುತ್ತೇವೆ.

ಇಷ್ಟು ದೂರದಿಂದ ಬಂದರೂ ಸವಣೂರಿನಲ್ಲಿ ಅದಕ್ಕೆ ನೆಂಟರಿಲ್ಲದಿಲ್ಲ. ನಮ್ಮ ಅಂಗಳದ ಕೆಂಪು ಹರಿವೆಯೂ ಬೀಟ್ರೂಟೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಹರಿವೆಯ ದಂಟು ಹುಳಿಗೆ ಬಿಡುವ ಕೆಂಪು, ಬಸಳೆಯ ಹಣ್ಣು ಮಕ್ಕಳ ಬೆರಳಿಗೆ ಹಚ್ಚುವ ಬಣ್ಣ, ಬೀಟ್ರೂಟಿನ ರಕ್ತವರ್ಣ, ಇವೆಲ್ಲ ಬೀಟಲೈನ್ ಎಂಬ ಒಂದೇ ವರ್ಗದ ವರ್ಣದ್ರವ್ಯಗಳು. ಶ್ರಾದ್ಧದ ಅಡುಗೆಗೆ ಅನೇಕ ಮನೆಗಳವರು ಇಂದಿಗೂ ಬೀಟ್ರೂಟನ್ನು ಪರದೇಶಿಯೆಂದು ಸೇರಿಸರಾದರೂ, ನಿತ್ಯದ ಊಟದಲ್ಲಿ ಅದು ಸಾಸಿವೆಯೆಂಬ ನಮ್ಮ ಮೊಸರಿನ ಪದಾರ್ಥಕ್ಕೆ ಪೂರ್ಣವಾಗಿ ಒಲಿದಿದೆ. ಬೇಯಿಸಿ ಸಣ್ಣಗೆ ಹೆಚ್ಚಿದ ಹೋಳುಗಳಿಗೆ, ಕಾಯಿತುರಿ, ಹಸಿಮೆಣಸು, ಚಿಟಿಕೆ ಸಾಸಿವೆ ಅರೆದ ನುಣ್ಣನೆಯ ಅರಪ್ಪನ್ನೂ ಮೊಸರನ್ನೂ ಬೆರೆಸಿದೊಡನೆ, ಬಿಳಿಯ ನಡುವೆ ಗುಲಾಬಿ ಎಳೆಗಳು ಹರಿದು ಬಟ್ಟಲೆಲ್ಲ ಒಂದೇ ವರ್ಣವಾಗುತ್ತದೆ. ದೀರ್ಘಕಾಲ ಕುದಿಸಿದರೆ ಮಾಸುವ ಈ ಬಣ್ಣಕ್ಕೆ ಮೊಸರಿನ ಹುಳಿಯೇ ರಕ್ಷೆ.

ಒಂದೇ ಕೊರತೆ: ದೂರದ ಪ್ರಯಾಣಕ್ಕೆಂದು ಸೊಪ್ಪನ್ನು ಘಟ್ಟದ ಮೇಲೆಯೇ ಕತ್ತರಿಸುತ್ತಾರೆ. ಅಪರೂಪಕ್ಕೆ ಸೊಪ್ಪುಸಹಿತ ಗೆಡ್ಡೆ ಸಿಕ್ಕಿದರೆ ಬಿಡಲಾಗದು. ಹರಿವೆಯಂತೆಯೇ ಹೆಚ್ಚಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿ ಪಲ್ಯ ಮಾಡಬೇಕು.