ಹೃದಯ ಸೋತರೆ ಬಳಲುವುದು ಮೆದುಳು

ಹೇಳಿದ್ದನ್ನೇ ಮತ್ತೆ ಹೇಳುವುದು, ಮಾತ್ರೆ ನುಂಗಿದ್ದೇ ಮರೆತುಹೋಗುವುದು, ಹಗಲೆಲ್ಲ ಮಂಪರು. ಮನೆಯ ಹಿರಿಯರಲ್ಲಿ ಇವು ಕಂಡಾಗ ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗುವುದು ವಾಡಿಕೆ. ಆದರೆ ಅವರು ಹೃದಯ ವೈಫಲ್ಯದಿಂದ ಬಳಲುತ್ತಿದ್ದರೆ, ಮರೆವಿನ ಮೂಲ ಎದೆಯಲ್ಲಿಯೇ ಇರಬಹುದು.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡುವ ಶಕ್ತಿ ಅದರಲ್ಲಿ ಕುಂದುವುದು. ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತವೇ ಬೇರೆ, ಬಡಿತವೇ ನಿಲ್ಲುವ ಹೃದಯ ಸ್ತಂಭನವೇ ಬೇರೆ.

ಮೆದುಳಿನ ಪಾಲು

ಆರೋಗ್ಯವಂತ ವಯಸ್ಕರ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಅದರಲ್ಲಿ ಸುಮಾರು 750 ಮಿಲಿಲೀಟರ್ ಮೆದುಳಿಗೆ ಸಲ್ಲುತ್ತದೆ. ದೇಹದ ತೂಕದಲ್ಲಿ ಮೆದುಳಿನದು ಶೇ. 2ರಷ್ಟು ಮಾತ್ರ, ಬಳಸುವ ಆಮ್ಲಜನಕ ಶೇ. 20ರಷ್ಟು. ಅದನ್ನು ಕೂಡಿಟ್ಟುಕೊಳ್ಳುವ ವ್ಯವಸ್ಥೆ ಮೆದುಳಿಗಿಲ್ಲ. ರಕ್ತಸಂಚಾರ ಪೂರ್ಣ ನಿಂತರೆ ಸುಮಾರು 10 ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. 4ರಿಂದ 6 ನಿಮಿಷಗಳಲ್ಲಿ ಶಾಶ್ವತ ಹಾನಿ ಆರಂಭವಾಗಬಹುದು.

ಹೃದಯ ವೈಫಲ್ಯದಲ್ಲಿ ಈ ಕೊರತೆ ನಿಧಾನವಾಗಿ ಬರುತ್ತದೆ. ಮೊದಮೊದಲು ದೇಹವು ಚರ್ಮ, ಕರುಳು, ಮೂತ್ರಪಿಂಡಗಳ ಪಾಲನ್ನು ತಗ್ಗಿಸಿ ಮೆದುಳನ್ನು ಕಾಪಾಡುತ್ತದೆ. ಮೆದುಳಿನ ರಕ್ತನಾಳಗಳೂ ಹಿಗ್ಗಿ ಹರಿವನ್ನು ಸರಿದೂಗಿಸುತ್ತವೆ. ಹೃದಯ ಮತ್ತಷ್ಟು ದುರ್ಬಲವಾದಾಗ ಈ ಏರ್ಪಾಡು ಸಾಲದಾಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ರಕ್ತದಲ್ಲಿನ ಆಮ್ಲಜನಕವೂ ಇಳಿಯುತ್ತದೆ. ನಿದ್ರೆಯಲ್ಲಿ ಉಸಿರು ನಿಂತು ನಿಂತು ಸಾಗುವ ತೊಂದರೆ ಹಾಗೂ ರಕ್ತಹೀನತೆ ಸೇರಿಕೊಂಡರೆ ಕೊರತೆ ಇಮ್ಮಡಿಸುತ್ತದೆ. ಇದರ ಫಲವೇ ಏಕಾಗ್ರತೆಯ ಕೊರತೆ, ಮರೆವು, ಗೊಂದಲ.

ಇನ್ನೊಂದು ಅಪಾಯವೂ ಇದೆ. ದುರ್ಬಲ ಹೃದಯದಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿನ ನಾಳ ಸೇರಿದರೆ ಪಾರ್ಶ್ವವಾಯು. ಬಡಿತದ ಲಯ ತಪ್ಪಿದವರಲ್ಲಿ ಈ ಭೀತಿ ಹೆಚ್ಚು.

ಮರೆವಿನ ವಿಷವರ್ತುಲ

ಹೃದಯದ ಕಾಯಿಲೆಯಿಂದ ಮರೆವು, ಮರೆವಿನಿಂದ ಮಾತ್ರೆ ತಪ್ಪುವುದು, ಮಾತ್ರೆ ತಪ್ಪಿದ್ದರಿಂದ ಕಾಯಿಲೆ ಉಲ್ಬಣ. ಈ ವರ್ತುಲವನ್ನು ಮುರಿಯುವುದು ಮನೆಯವರ ಕೈಯಲ್ಲಿದೆ. ಮಾತ್ರೆಗಳನ್ನು ಹೊತ್ತಿಗೆ ತಕ್ಕಂತೆ ವಿಂಗಡಿಸಿ ಎದುರಿಗೇ ನುಂಗಿಸಬೇಕು. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳಕ್ಕೆ ಕಡಿವಾಣವಿರಲಿ. ಪ್ರತಿದಿನ ಬೆಳಿಗ್ಗೆ ತೂಕ ನೋಡಬೇಕು. 3 ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ದೇಹದಲ್ಲಿ ನೀರು ನಿಲ್ಲುತ್ತಿದೆ ಎಂದೇ ತಿಳಿದು ವೈದ್ಯರನ್ನು ಕಾಣಬೇಕು. ತಲೆಸುತ್ತು ಬಂದಿತೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಹಠಾತ್ ಗೊಂದಲ, ಮುಖ ಸೊಟ್ಟಗಾಗುವುದು, ಕೈಕಾಲು ಬಲಹೀನವಾಗುವುದು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗುತ್ತದೆ.

ಭರವಸೆಗೂ ಕಾರಣವಿದೆ. ಹೃದಯ ಕಸಿಗೆ ಒಳಗಾದವರಲ್ಲಿ ಮೆದುಳಿನ ರಕ್ತಸಂಚಾರ ಸುಧಾರಿಸಿದ್ದನ್ನು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಮುನ್ನ ಹೃದಯವನ್ನೊಮ್ಮೆ ಪರೀಕ್ಷಿಸುವುದು ಲೇಸು.